ಗೃಹಸ್ಥರ ಕಾನೂನು: ಪ್ರಮಾಣ ಮಾಡತಕ್ಕವರು ಯಾರು?

ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಗ್ರಾಮವೊಂದರಿಂದ ನಮ್ಮ ಪತ್ರಿಕೆಯ ಬಹುಕಾಲದ ಓದುಗರೊಬ್ಬರು ಕಳೆದ ತಿಂಗಳು ನಮಗೊಂದು ದೀರ್ಘವಾದ ಕಾಗದವನ್ನು ಬರೆದಿರುತ್ತಾರೆ. ಅವರ ಹೆಸರನ್ನಾಗಲಿ ಊರನ್ನಾಗಲಿ ಇಲ್ಲಿ ಹೇಳತಕ್ಕುದಿಲ್ಲ. ಆದರೆ ಅವರು ಕೇಳಿರುವ ಪ್ರಶ್ನೆಗಳು ಅವರೊಬ್ಬರ ಮನೆಯವಲ್ಲ. ಇಂದು ಅನೇಕ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಪಿಸುಮಾತಿನಲ್ಲಿ ಕೇಳಲ್ಪಡುತ್ತಿರುವ ಪ್ರಶ್ನೆಗಳೇ ಅವು. ಆದುದರಿಂದ ಈ ತಿಂಗಳ ನಮ್ಮ ಲೇಖನವನ್ನು ಅವಕ್ಕೇ ಮೀಸಲಿಟ್ಟಿದ್ದೇವೆ.

ಸಂಗತಿ ಇಷ್ಟು. ಆರು ವರ್ಷಗಳ ಹಿಂದೆ ಅವರು ತಮ್ಮ ಮಗಳ ಮದುವೆಯನ್ನು ಬೆಟ್ಟದ ಮೇಲೆ ರಂಗನಾಥಸ್ವಾಮಿಯ ಸನ್ನಿಧಿಯಲ್ಲಿ ನಡೆಸಿದರು. ಅಳಿಯನದು ಕೊಳ್ಳೇಗಾಲದಲ್ಲಿ ರೇಷ್ಮೆ ಮಗ್ಗವಿರುವ ಮನೆ. ನಾಲ್ಕು ವರ್ಷದ ಹೆಣ್ಣುಮಗುವೊಂದಿದೆ. ಎಂಟು ತಿಂಗಳಿಂದ ಮಗಳು ತವರಿನಲ್ಲಿದ್ದಾಳೆ. ಹೊಡೆದ ಬಡಿದ ಮಾತಿಲ್ಲ, ದುರ್ವ್ಯಸನದ ದೂರಿಲ್ಲ, ಒಬ್ಬರ ಮೇಲೊಬ್ಬರಿಗೆ ದ್ವೇಷವೂ ಇಲ್ಲ. ಆದರೆ ಕೂಡಿ ಬಾಳುವ ಮನಸ್ಸು ಇಬ್ಬರಲ್ಲಿಯೂ ಉಳಿದಿಲ್ಲ. ಎರಡು ಕಡೆಯ ಹಿರಿಯರೂ ಮೂರು ಸಲ ಕುಳಿತು ಮಾತನಾಡಿ ಕೈಸೋತಿದ್ದಾರೆ. ಈಗ ಗೌರವದಿಂದ ಬಿಡುಗಡೆಯಾಗಲಿ ಎಂಬುದೇ ಎಲ್ಲರ ಇಚ್ಛೆ.

ಇಷ್ಟನ್ನು ತಿಳಿಸಿ ಆ ಮಹಾಶಯರು ಮೂರು ಪ್ರಶ್ನೆಗಳನ್ನು ಕೇಳಿದ್ದಾರೆ. ಮೊದಲನೆಯದು: ಊರ ಯಜಮಾನರ ಸಮಕ್ಷಮದಲ್ಲಿ ಛಾಪಾ ಕಾಗದದ ಮೇಲೆ ಬಿಡುಗಡೆ ಪತ್ರವನ್ನು ಬರೆದು ನೋಟರಿಯವರ ಮೊಹರು ಹಾಕಿಸಿದರೆ ಸಾಲದೆ? ಬೆಟ್ಟದ ಮೇಲಿನ ಪೋಡುಗಳಲ್ಲಿ ಸೋಲಿಗರು ತಮ್ಮ ಹಿರಿಯರ ಮುಂದೆಯೇ ಇದನ್ನು ತೀರಿಸಿಕೊಳ್ಳುವರಲ್ಲ, ಅವರಿಗೆ ಬೇಡವಾದ ಕೋರ್ಟು ನಮಗೇಕೆ? ಎರಡನೆಯದು: ಕೋರ್ಟಿಗೆ ಹೋಗಲೇಬೇಕಾದರೆ, ಅಗಲಿ ಎಂಟು ತಿಂಗಳಾಗಿರುವುದನ್ನು ಒಂದು ವರ್ಷ ಎರಡು ತಿಂಗಳೆಂದು ಬರೆಯಿಸಿದರೆ ಕೆಲಸ ಬೇಗ ಆಗುವುದೆಂದು ಕಾಗದ ಬರೆಯುವವರೊಬ್ಬರು ಹೇಳುತ್ತಾರೆ. ಇಷ್ಟು ಸಣ್ಣ ಸುಳ್ಳಿನಿಂದ ಯಾರಿಗೇನು ನಷ್ಟ? ಮೂರನೆಯದು: ಹೆಂಡತಿಗೂ ಮಗುವಿಗೂ ಮುಂದೆ ಯಾವ ಹಕ್ಕುಬಾಧ್ಯತೆಯೂ ಇಲ್ಲವೆಂದು ಅಳಿಯನ ಕಡೆಯವರು ಒಂದು ಪ್ರಮಾಣಪತ್ರವನ್ನು ಸಿದ್ಧಪಡಿಸಿದ್ದಾರೆ. ಜಗಳ ಬೆಳೆಯದಿರಲೆಂದು ಅದಕ್ಕೆ ಮಗಳಿಂದ ರುಜು ಹಾಕಿಸಿಬಿಡೋಣವೇ?

ಪ್ರಶ್ನೆಗಳನ್ನು ಒಂದೊಂದಾಗಿ ವಿಚಾರಿಸುವೆವು.

ಹಿರಿಯರ ಮುಂದೆ ಬರೆಯುವ ಬಿಡುಗಡೆ ಪತ್ರವು ಈ ಸೀಮೆಗೆ ಹೊಸದಲ್ಲ. ಅದಕ್ಕೆ ಕಾರಣವೂ ಉಂಟು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಕೊಳ್ಳೇಗಾಲವು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಯಳಂದೂರಾದರೋ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಸೀಮೆಯಾಗಿ, ಮೈಸೂರಿನೊಳಗಿದ್ದಿತು. ಬೆಟ್ಟದ ಒಂದು ಮಗ್ಗುಲಿಗೆ ಒಂದು ಸರ್ಕಾರ, ಇನ್ನೊಂದು ಮಗ್ಗುಲಿಗೆ ಇನ್ನೊಂದು. ಮೈಸೂರಿನಲ್ಲಿ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯು ಕೆಲವು ಸಂದರ್ಭಗಳಲ್ಲಿ ಹೆಂಡತಿಯು ಬೇರೆಯಾಗಿ ವಾಸಿಸಿ ಜೀವನಾಂಶವನ್ನು ಕೇಳುವ ಹಕ್ಕನ್ನು ಕೊಟ್ಟಿತು, ಮದುವೆಯನ್ನು ಮಾತ್ರ ಬಿಡಿಸಲಿಲ್ಲ. ಮದ್ರಾಸಿನವರು 1949ರಲ್ಲಿ ಹಿಂದೂ ವಿಚ್ಛೇದನಕ್ಕೆ ಕಾನೂನು ಮಾಡಿದರು. ಬೆಟ್ಟದ ಎರಡು ಕಡೆಗೂ ಒಂದೇ ಕಾನೂನು ಬಂದುದು 1955ರ ಹಿಂದೂ ವಿವಾಹ ಕಾಯಿದೆಯಿಂದ. ಅದಕ್ಕೆ ಮೊದಲು ಬಿಡುಗಡೆಯ ವಾಡಿಕೆಯಿದ್ದ ಜಾತಿಗಳವರು ಕಟ್ಟೆಯ ಮೇಲೆ ಕುಳಿತು ಹಿರಿಯರ ಮುಖದಿಂದಲೇ ಅದನ್ನು ತೀರಿಸಿಕೊಳ್ಳುತ್ತಿದ್ದರು. ಆ ನೆನಪು ಇನ್ನೂ ಮಾಸಿಲ್ಲ.

1955ರ ಕಾಯಿದೆಯು ಈ ವಾಡಿಕೆಯನ್ನು ಪೂರ್ತಿಯಾಗಿ ಅಳಿಸಿಹಾಕಲಿಲ್ಲವೆಂಬುದೂ ನಿಜವೇ. ರೂಢಿಯಿಂದ ಬಂದ ವಿಚ್ಛೇದನದ ಹಕ್ಕನ್ನು ಅದರ 29ನೆಯ ಪ್ರಕರಣವು ಉಳಿಸಿಕೊಟ್ಟಿದೆ. ಆದರೆ ಬಹುಕಾಲದಿಂದ ಎಡೆಬಿಡದೆ ಒಂದೇ ರೀತಿಯಲ್ಲಿ ನಡೆದುಬಂದುದು, ನಿಶ್ಚಿತವಾದುದು, ನ್ಯಾಯಕ್ಕೂ ಲೋಕನೀತಿಗೂ ವಿರುದ್ಧವಲ್ಲದುದು, ಇಂಥದಕ್ಕೆ ಮಾತ್ರ ಕಾನೂನಿನಲ್ಲಿ ರೂಢಿಯೆಂದು ಹೆಸರು. ಅಂಥ ರೂಢಿಯುಂಟೆಂದು ಹೇಳುವವರೇ ಅದನ್ನು ನ್ಯಾಯಾಲಯದಲ್ಲಿ ಸ್ಪಷ್ಟವಾಗಿ ನುಡಿದು ಸಾಕ್ಷ್ಯದಿಂದ ಸ್ಥಾಪಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2002ರ ತೀರ್ಪೊಂದರಲ್ಲಿ ಹೇಳಿದೆ. "ನಮ್ಮೂರಿನಲ್ಲಿ ಎಲ್ಲರೂ ಹೀಗೆಯೇ ಮಾಡುತ್ತಾರೆ" ಎಂಬ ಮಾತು ರೂಢಿಯ ರುಜುವಾತಲ್ಲ.

ಛಾಪಾ ಕಾಗದಕ್ಕೂ ಮೊಹರಿಗೂ ತಮ್ಮಷ್ಟಕ್ಕೆ ಮದುವೆಯನ್ನು ಬಿಡಿಸುವ ಶಕ್ತಿಯಿಲ್ಲ. ಇದನ್ನು ಅರಿಯದೆ ನಮ್ಮ ಜನ ಎಷ್ಟು ಕಷ್ಟಕ್ಕೆ ಸಿಕ್ಕಿಕೊಳ್ಳುವರೆಂದರೆ, ವಿವಾಹದ ಪತ್ರವನ್ನಾಗಲಿ ವಿಚ್ಛೇದನದ ಪತ್ರವನ್ನಾಗಲಿ ನೋಟರಿಗಳು ಮಾಡಿಕೊಡಕೂಡದೆಂದು ಕೇಂದ್ರ ಸರ್ಕಾರದ ಕಾನೂನು ಇಲಾಖೆಯು 2024ರ ಅಕ್ಟೋಬರಿನಲ್ಲಿ ಎಚ್ಚರಿಕೆ ಕೊಡಬೇಕಾಯಿತು. ಅಂಥ ಪತ್ರವನ್ನು ನಂಬಿ ಹೆಣ್ಣಾಗಲಿ ಗಂಡಾಗಲಿ ಎರಡನೆಯ ಮದುವೆ ಮಾಡಿಕೊಂಡರೆ, ಕಾನೂನಿನ ಕಣ್ಣಿಗೆ ಮೊದಲನೆಯ ಮದುವೆ ಇನ್ನೂ ಜೀವಂತವಾಗಿರುತ್ತದೆ. ಎರಡನೆಯದು ಅಸಿಂಧು, ಮೇಲೆ ದ್ವಿವಿವಾಹದ ಅಪರಾಧ. ಹತ್ತು ವರ್ಷಗಳ ಮೇಲೆ ಪಿಂಚಣಿಗೋ ಖಾತೆ ಬದಲಾವಣೆಗೋ ಹೋದಾಗ ಪೆಟ್ಟಿಗೆಯಿಂದ ತೆಗೆದ ಆ ಹಳೆಯ ಕಾಗದವನ್ನು ಗುಮಾಸ್ತೆಯು ಹಿಂದಕ್ಕೆ ಸರಿಸುತ್ತಾನೆ. ಪತ್ರಕ್ಕೆ ಸಾಕ್ಷಿ ಹಾಕಿದ ಯಜಮಾನರು ಅಷ್ಟರಲ್ಲಿ ಇರುವುದೂ ಇಲ್ಲ.

ಇನ್ನು ಸೋಲಿಗರ ಮಾತು. ತಮ್ಮ ಕುಲದ ಕುಸುಮಾಲೆಯನ್ನು ರಂಗನಾಥನು ವರಿಸಿದನೆಂದು ನಂಬಿ, ಬೆಟ್ಟದ ಸ್ವಾಮಿಯನ್ನೇ ಭಾವನೆಂದು ಕರೆಯುವ ಜನ ಅವರು. ಅವರಲ್ಲಿ ಕೂಡಿಕೆಗೂ ಬಿಡುಗಡೆಗೂ ಕುಲದ ಹಿರಿಯರ ನ್ಯಾಯವೇ ಹಿಂದಿನಿಂದ ನಡೆದುಬಂದಿದೆ. ಕಾನೂನು ಇದನ್ನು ಗುರುತಿಸಿದೆ. ಹಿಂದೂ ವಿವಾಹ ಕಾಯಿದೆಯ 2ನೆಯ ಪ್ರಕರಣದ ಎರಡನೆಯ ಉಪಪ್ರಕರಣವು, ಕೇಂದ್ರ ಸರ್ಕಾರವು ಬೇರೆ ಅಧಿಸೂಚನೆ ಹೊರಡಿಸಿದ ಹೊರತು ಆ ಕಾಯಿದೆಯು ಅನುಸೂಚಿತ ಬುಡಕಟ್ಟುಗಳವರಿಗೆ ಅನ್ವಯಿಸತಕ್ಕುದಲ್ಲವೆಂದು ಹೇಳುತ್ತದೆ. ಸೋಲಿಗರು ಕರ್ನಾಟಕದ ಅನುಸೂಚಿತ ಬುಡಕಟ್ಟುಗಳಲ್ಲಿ ಸೇರಿದವರು. ಆದುದರಿಂದ ಪೋಡಿನ ಹಿರಿಯರ ತೀರ್ಮಾನಕ್ಕೂ, ತಪ್ಪಲಿನ ಊರಿನಲ್ಲಿ ಅದನ್ನು ನೋಡಿ ಬರೆದುಕೊಂಡ ಛಾಪಾ ಕಾಗದಕ್ಕೂ ಬಹಳ ಅಂತರವಿದೆ. ಅಲ್ಲಿ ಕುಲದ ಕಟ್ಟಳೆಯಿಂದಲೇ ಬಿಡುಗಡೆಯಾಗುವುದು. ಇಲ್ಲಿ ಕಟ್ಟಳೆಯಿಲ್ಲದೆ ಕಾಗದ ಮಾತ್ರ ಇರುವುದು.

ಆದರೆ ಸೋಲಿಗ ಓದುಗರಿಗೂ ಒಂದು ಮಾತು. ಪಡಿತರ ಚೀಟಿಗೋ, ಮಗುವಿನ ದಾಖಲೆಗೋ, ಬೇರೊಂದು ಸೌಲಭ್ಯಕ್ಕೋ ಬಿಡುಗಡೆಯನ್ನು ಮುಂದೆ ತೋರಿಸಿಕೊಡಬೇಕಾಗಿ ಬರಬಹುದು. ಬುಡಕಟ್ಟಿನವರಾದರೂ ತಮ್ಮ ರೂಢಿಯನ್ನು ಆಧಾರವಾಗಿ ಹಿಡಿದವರು ಅದನ್ನು ಸ್ಥಾಪಿಸಬೇಕೆಂಬುದು ಸರ್ವೋಚ್ಚ ನ್ಯಾಯಾಲಯದ 2001ರ ತೀರ್ಪೊಂದರಿಂದ ತಿಳಿಯುತ್ತದೆ. ಆದುದರಿಂದ ನ್ಯಾಯ ಯಾವ ದಿನ ಸೇರಿತು, ಯಾವ ಯಾವ ಕುಲದ ಹಿರಿಯರಿದ್ದರು, ಗಂಡುಹೆಣ್ಣು ಇಬ್ಬರೂ ಎದುರಿಗಿದ್ದು ಒಪ್ಪಿದರೇ, ಮಕ್ಕಳ ವಿಷಯದಲ್ಲಿ ಏನು ತೀರ್ಮಾನವಾಯಿತು ಎಂಬುದನ್ನು ಆಗಲೇ ಬರೆದು, ಕಂಡವರಿಂದ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳುವುದು ಜಾಣತನ. ಆ ಪ್ರಮಾಣಪತ್ರವು ಬಿಡುಗಡೆಯನ್ನು ಕೊಡುವುದಲ್ಲ, ಕುಲದವರು ಕೊಟ್ಟ ಬಿಡುಗಡೆಗೆ ಅದು ಸಾಕ್ಷಿ.

ನಮ್ಮ ಪತ್ರಲೇಖಕರ ಮಗಳಿಗೆ ಹಾಗಾದರೆ ದಾರಿ ಯಾವುದು? ಅದು 13ಬಿ ಪ್ರಕರಣದ ದಾರಿ. 1955ರ ಕಾಯಿದೆಯಲ್ಲಿ ಮೊದಲು ಇದು ಇರಲಿಲ್ಲ. ಆಗ ವಿಚ್ಛೇದನ ಬೇಕಾದವರು ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿಯೇ ತೀರಬೇಕಾಗಿದ್ದಿತು. 1976ರ ತಿದ್ದುಪಡಿಯು ಉಭಯ ಸಮ್ಮತಿಯ ಬಾಗಿಲನ್ನು ತೆರೆಯಿತು. ಗಂಡಹೆಂಡಿರಿಬ್ಬರೂ ಕೂಡಿ ಒಂದೇ ಅರ್ಜಿಯನ್ನು ಕೊಟ್ಟು ಮೂರು ಸಂಗತಿಗಳನ್ನು ಹೇಳಬೇಕು: ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲದಿಂದ ಬೇರೆಬೇರೆಯಾಗಿ ಬಾಳುತ್ತಿದ್ದೇವೆ, ಕೂಡಿ ಬಾಳಲು ನಮ್ಮಿಂದ ಆಗಲಿಲ್ಲ, ಮದುವೆಯನ್ನು ಬಿಡಿಸಬೇಕೆಂದು ಇಬ್ಬರೂ ಒಪ್ಪಿದ್ದೇವೆ. ಅರ್ಜಿ ಕೊಟ್ಟ ದಿನದಿಂದ ಆರು ತಿಂಗಳಿಗೆ ಕಡಿಮೆಯಿಲ್ಲದೆ, ಹದಿನೆಂಟು ತಿಂಗಳಿಗೆ ಮೀರದೆ, ಇಬ್ಬರೂ ಮತ್ತೆ ಬಂದು ಕೇಳಿಕೊಳ್ಳಬೇಕು. ಆಗ ನ್ಯಾಯಾಧೀಶರು ವಿಚಾರಿಸಿ, ಹೇಳಿದ್ದು ನಿಜವೆಂದೂ ಸಮ್ಮತಿಯು ಬಲಾತ್ಕಾರದಿಂದಾಗಲಿ ಮೋಸದಿಂದಾಗಲಿ ಬಂದುದಲ್ಲವೆಂದೂ ಮನಗಂಡ ಮೇಲೆ ಡಿಕ್ರಿ ಕೊಡುವರು. ಡಿಕ್ರಿಯಾಗುವವರೆಗೂ ಸಮ್ಮತಿಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಯಾರಿಗಾದರೂ ಅವಕಾಶವುಂಟೆಂದು 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು.

ಅರ್ಜಿಯನ್ನು ಎಲ್ಲಿ ಕೊಡಬೇಕು? ಮದುವೆ ನಡೆದ ಸ್ಥಳ, ದಂಪತಿಗಳು ಕೊನೆಯದಾಗಿ ಕೂಡಿ ವಾಸವಾಗಿದ್ದ ಸ್ಥಳ ಮುಂತಾದವನ್ನು ನೋಡಿ 19ನೆಯ ಪ್ರಕರಣವು ಇದನ್ನು ನಿಶ್ಚಯಿಸುತ್ತದೆ. ಇಲ್ಲಿ ಮದುವೆಯಾದುದು ಯಳಂದೂರು ತಾಲ್ಲೂಕಿಗೆ ಸೇರಿದ ಬೆಟ್ಟದಲ್ಲಿ, ಸಂಸಾರ ನಡೆದುದು ಕೊಳ್ಳೇಗಾಲದಲ್ಲಿ. ಎರಡೂ ಇಂದು ಚಾಮರಾಜನಗರ ಜಿಲ್ಲೆಯೊಳಗೇ ಇವೆ. ಆದರೆ ತಾಲ್ಲೂಕಿನ ಪ್ರತಿಯೊಂದು ನ್ಯಾಯಾಲಯಕ್ಕೂ ಈ ಅಧಿಕಾರವಿರುವುದಿಲ್ಲ. ಕುಟುಂಬ ನ್ಯಾಯಾಲಯವಿರುವ ಕಡೆ ಅದಕ್ಕೆ, ಇಲ್ಲದ ಕಡೆ ಜಿಲ್ಲಾ ನ್ಯಾಯಾಲಯಕ್ಕೆ ಅಥವಾ ಸರ್ಕಾರವು ಈ ಕೆಲಸಕ್ಕೆಂದು ಗೊತ್ತುಮಾಡಿರುವ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ಇದನ್ನು ವಕೀಲರಿಂದ ಮೊದಲೇ ತಿಳಿದುಕೊಳ್ಳತಕ್ಕುದು. ವಕೀಲರ ಖರ್ಚಿಗೆ ಅಂಜಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಕಾಯಿದೆಯ ಮೇರೆಗೆ ಸ್ತ್ರೀಯರಿಗೂ, ಅನುಸೂಚಿತ ಜಾತಿ ಬುಡಕಟ್ಟುಗಳವರಿಗೂ ಅವರ ವರಮಾನವನ್ನು ನೋಡದೆ ಉಚಿತವಾಗಿ ವಕೀಲರ ಸಹಾಯ ದೊರೆಯುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿಕೊಂಡರೆ ಸಾಕು. ಕುಲದ ಮಾನ ಹರಾಜಾಗುವುದೆಂಬ ಭಯವೂ ಬೇಡ. ಈ ಕಾಯಿದೆಯ ವಿಚಾರಣೆಗಳು ಹತ್ತು ಜನರೆದುರಿಗೆ ನಡೆಯತಕ್ಕವಲ್ಲ, ಮುಚ್ಚಿದ ಕೊಠಡಿಯಲ್ಲಿ ನಡೆಯತಕ್ಕವು.

ಈಗ ಎರಡನೆಯ ಪ್ರಶ್ನೆ, ಅಂದರೆ ಎಂಟು ತಿಂಗಳನ್ನು ಹದಿನಾಲ್ಕು ಮಾಡುವ ವಿಚಾರ. ನಮಗೆ ಹೆಚ್ಚು ಕಳವಳವಾದುದು ಇದನ್ನು ಓದಿದಾಗಲೇ. ಆ ಸೀಮೆಯ ಜನರನ್ನು ನಾವು ಬಲ್ಲೆವು. ಮಲೆಯ ಮಾದಪ್ಪನ ಮೇಲೆ ಆಣೆಯಿಡೆಂದರೆ, ಸಣ್ಣ ವ್ಯವಹಾರದಲ್ಲಿ ಕೂಡ ಅವರು ಎರಡು ಗಳಿಗೆ ಯೋಚಿಸುವರು. ಬೆಟ್ಟದ ರಂಗಪ್ಪನ ಮುಂದೆ ನಿಂತು ಇಲ್ಲದುದನ್ನು ಉಂಟೆನ್ನುವ ಧೈರ್ಯ ಹತ್ತರಲ್ಲಿ ಒಬ್ಬರಿಗಿರದು. ಅದೇ ಜನ ಟೈಪು ಮಾಡಿದ ಕಾಗದದ ಕೆಳಗೆ, "ಮೇಲ್ಕಂಡುದೆಲ್ಲ ಸತ್ಯವೆಂದು ಪ್ರಮಾಣ ಮಾಡುತ್ತೇನೆ" ಎಂಬ ಸಾಲಿನ ಕೆಳಗೆ, ಓದದೆಯೇ ರುಜು ಹಾಕುವರು. ಇದು ಬರಿಯ ಕಾಗದವೆಂಬ ಭಾವನೆ. ಆದರೆ ಅದೂ ಆಣೆಯೇ. 1969ರ ಪ್ರಮಾಣಗಳ ಕಾಯಿದೆಯು ದೇವರ ಹೆಸರಿನಲ್ಲಾಗಲಿ, ದೇವರ ಹೆಸರೆತ್ತಲು ಇಷ್ಟವಿಲ್ಲದವರು ಸತ್ಯನಿಷ್ಠೆಯಿಂದಾಗಲಿ ಪ್ರಮಾಣ ಮಾಡಲು ಅವಕಾಶ ಕೊಟ್ಟಿದೆ. ಕಟ್ಟುಪಾಡು ಎರಡಕ್ಕೂ ಸಮಾನ. ನ್ಯಾಯಾಲಯದ ಕಾರ್ಯದಲ್ಲಿ ಬೇಕೆಂದು ಸುಳ್ಳು ಸಾಕ್ಷ್ಯ ಕೊಟ್ಟವರಿಗೆ ಏಳು ವರ್ಷಗಳವರೆಗೆ ಶಿಕ್ಷೆಯಾಗಬಹುದೆಂದು ಹಳೆಯ ದಂಡಸಂಹಿತೆಯ 193ನೆಯ ಪ್ರಕರಣ ಹೇಳುತ್ತಿದ್ದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 229ನೆಯ ಪ್ರಕರಣವೂ ಹಾಗೆಯೇ ಹೇಳುತ್ತದೆ.

ಸುಳ್ಳು ಹೊರಬೀಳುವುದು ಎಷ್ಟರ ಮಾತು! ಮಗುವಿಗೆ ಜ್ವರ ಬಂದಾಗ ಕೊಳ್ಳೇಗಾಲದಲ್ಲಿ ತಂದೆತಾಯಿಗಳಿಬ್ಬರೂ ಜೊತೆಯಲ್ಲಿ ಹೋಗಿ ಬರೆಯಿಸಿದ ಆಸ್ಪತ್ರೆಯ ಚೀಟಿ, ರಥೋತ್ಸವದ ದಿನ ಮೂವರೂ ಸೇರಿ ತೆಗೆಸಿಕೊಂಡ ಪಟ, ಮನೆ ಬಾಡಿಗೆಯ ಕರಾರು, ಇವುಗಳಲ್ಲೊಂದು ಸಾಕು. ಇಂದು ಇಬ್ಬರೂ ಒಪ್ಪಿ ಹೇಳಿದ ಸುಳ್ಳನ್ನು, ನಾಳೆ ಹಣದ ವಿಷಯದಲ್ಲಿ ಮನಸ್ತಾಪ ಬಂದಾಗ, ಇಬ್ಬರಲ್ಲೊಬ್ಬರೇ ಬಯಲಿಗೆಳೆಯುವರು. ಆಗ ತೊಡಕಿಗೆ ಸಿಕ್ಕುವವರು ಕಾಗದ ಬರೆದುಕೊಟ್ಟವರಲ್ಲ. ರುಜು ಅವರದಲ್ಲವಷ್ಟೆ.

ಇನ್ನೊಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು. ಬೇರೆಯಾಗಿ ಬಾಳುವುದೆಂದರೆ ಬೇರೆ ಮನೆಯಲ್ಲಿರುವುದೆಂದೇ ಅರ್ಥವಲ್ಲ. ಗಂಡಹೆಂಡಿರಾಗಿ ಬಾಳದಿರುವುದೇ ಅದರ ಅರ್ಥ, ಒಂದೇ ಸೂರಿನ ಕೆಳಗಿದ್ದೂ ಬೇರೆಯಾಗಿರಬಹುದು, ಎಂದು ಅದೇ 1991ರ ತೀರ್ಪು ವಿವರಿಸಿದೆ. ಆದುದರಿಂದ ಈ ಒಂದು ವರ್ಷವು ಮಗಳು ತವರಿಗೆ ಬಂದ ದಿನದಿಂದಲೇ ಮೊದಲಾಗಬೇಕೆಂದಿಲ್ಲ. ಅದಕ್ಕೆ ಮುಂಚಿನಿಂದಲೇ ಅವರು ಆ ಮನೆಯಲ್ಲಿ ಪರಕೀಯರಂತೆ ಇದ್ದರೇ? ಇದ್ದರೆ, ಎಂದಿನಿಂದ? ಆಶ್ಚರ್ಯವೇನೆಂದರೆ, ಪತ್ರಲೇಖಕರು ಬರೆದ ಎಂಟು ಪುಟಗಳಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ, ಇರಲು ಸಾಧ್ಯವೂ ಇಲ್ಲ. ಮಹಾಶಯರೇ, ಅದನ್ನು ಬಲ್ಲವರು ಲೋಕದಲ್ಲಿ ಇಬ್ಬರೇ. ಒಬ್ಬರು ತಮ್ಮ ಅಳಿಯಂದಿರು, ಇನ್ನೊಬ್ಬರು ತಮ್ಮ ಮಗಳು. ತಾವು ಮಗಳನ್ನು ಕೇಳಿದಿರಾ? ತಮ್ಮ ಕಾಗದದಲ್ಲಿ ಯಜಮಾನರ ಅಭಿಪ್ರಾಯವಿದೆ, ಬೀಗರ ಅಭಿಪ್ರಾಯವಿದೆ, ಕಾಗದ ಬರೆಯುವವರ ಅಭಿಪ್ರಾಯವೂ ಇದೆ. ಮಗಳು ಹೇಳಿದಳೆಂಬ ಒಂದು ಮಾತು ಎಲ್ಲಿಯೂ ಕಾಣಲಿಲ್ಲ.

ಪ್ರಮಾಣಪತ್ರದ ಮೂಲಧರ್ಮವೇ ಇದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೆಯ ಆದೇಶವು, ಪ್ರಮಾಣ ಮಾಡುವವರು ತಾವೇ ಬಲ್ಲ, ತಾವೇ ರುಜುವಾತು ಮಾಡಬಲ್ಲ ಸಂಗತಿಗಳಿಗೆ ಮಾತ್ರ ಪ್ರಮಾಣಪತ್ರವು ಸೀಮಿತವಾಗಿರಬೇಕೆಂದು ವಿಧಿಸುತ್ತದೆ. ಅರ್ಜಿಯ ಕೊನೆಯಲ್ಲಿ ಬರೆಯುವ ಸತ್ಯಾಪನೆಯಲ್ಲಿಯೂ ಯಾವ ಯಾವ ಸಂಖ್ಯೆಯ ಪರಿಚ್ಛೇದಗಳು ಸ್ವಂತ ತಿಳಿವಳಿಕೆಯವು, ಯಾವುವು ಇತರರಿಂದ ಕೇಳಿ ನಿಜವೆಂದು ನಂಬಿದವು ಎಂಬುದನ್ನು ಬೇರೆಬೇರೆಯಾಗಿ ಹೇಳಬೇಕು. ತಂದೆಯು ಬಲ್ಲುದನ್ನು ಮಗಳು ಪ್ರಮಾಣ ಮಾಡಲಾಗದು. ಮಗಳು ಬಲ್ಲುದನ್ನು ತಂದೆಯು ಊಹಿಸಿ ಬರೆಯಿಸಲೂ ಆಗದು.

ಆಕೆಯು ವಿಚಾರಮಾಡಿ, "ಇಲ್ಲ, ನಾನು ತವರಿಗೆ ಹೊರಟ ದಿನದವರೆಗೂ ನಾವು ಸಂಸಾರಿಗಳಾಗಿಯೇ ಇದ್ದೆವು" ಎಂದರೆ, ಇನ್ನು ನಾಲ್ಕು ತಿಂಗಳು ಕಾಯಬೇಕು. ಅದರಿಂದ ಆಕಾಶವೇನೂ ಬೀಳುವುದಿಲ್ಲ. ಆ ಕಾಲವನ್ನು ಹಣಕಾಸಿನ ಇತ್ಯರ್ಥಕ್ಕೂ ಕಾಗದಪತ್ರಗಳ ಸಿದ್ಧತೆಗೂ ಉಪಯೋಗಿಸಿಕೊಳ್ಳಬಹುದು. ಅರ್ಜಿ ಕೊಟ್ಟ ಮೇಲಿನ ಆರು ತಿಂಗಳನ್ನು ನ್ಯಾಯಾಲಯವು ತಕ್ಕ ಸಂದರ್ಭದಲ್ಲಿ ಮನ್ನಾ ಮಾಡಬಹುದೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿರುವುದು ನಿಜ. ಆದರೆ ಮೊದಲ ಅರ್ಜಿಗೆ ಮುಂಚೆಯೇ ಒಂದೂವರೆ ವರ್ಷದ ಅಗಲಿಕೆ ಕಳೆದಿರಬೇಕು, ರಾಜಿಯ ಪ್ರಯತ್ನಗಳೆಲ್ಲ ವಿಫಲವಾಗಿರಬೇಕು, ಜೀವನಾಂಶ ಮಕ್ಕಳು ಮುಂತಾದ ವಿಷಯಗಳು ನಿಜವಾಗಿಯೂ ಇತ್ಯರ್ಥವಾಗಿರಬೇಕು, ಕಾಯುವಿಕೆಯಿಂದ ಸಂಕಟ ಬೆಳೆಯುವುದಲ್ಲದೆ ಬೇರೆ ಫಲವಿಲ್ಲವೆಂಬುದು ಕಾಣಬೇಕು. ಅವಸರವೊಂದೇ ಕಾರಣವಾಗದು.

ಮೂರನೆಯ ಪ್ರಶ್ನೆಯು ಮಗುವಿನದು. ಹೆಂಡತಿಯು ತನಗೆ ಬರತಕ್ಕುದನ್ನು ತಿಳಿದು, ಎಣಿಸಿ, ಸ್ವಂತ ಮನಸ್ಸಿನಿಂದ ಬಿಟ್ಟುಕೊಡುವುದು ಬೇರೆ ಮಾತು. ನಾಲ್ಕು ವರ್ಷದ ಮಗುವಿನ ಅನ್ನವನ್ನು ತಾಯಿಯು ಬಿಟ್ಟುಕೊಡುವಂತಿಲ್ಲ. ಅದು ಆಕೆಯ ಸ್ವತ್ತಲ್ಲ. ಅಂಥ ವಾಕ್ಯವನ್ನು ಬರೆದರೂ ಮಗುವಿನ ಹಕ್ಕು ಅದರಿಂದ ಅಳಿಯುವುದಿಲ್ಲ. ಮಕ್ಕಳ ಪಾಲನೆ ಪೋಷಣೆ ವಿದ್ಯಾಭ್ಯಾಸಗಳ ಬಗ್ಗೆ ಡಿಕ್ರಿಯಾದ ಮೇಲೆಯೂ ಹೊಸದಾಗಿ ಕಟ್ಟಳೆ ಮಾಡುವ, ಹಿಂದಿನದನ್ನು ಬದಲಾಯಿಸುವ ಅಧಿಕಾರವನ್ನು 26ನೆಯ ಪ್ರಕರಣವು ನ್ಯಾಯಾಲಯಕ್ಕೆ ಕೊಟ್ಟಿದೆ. ಹೀಗಿರುವಾಗ ಆ ವಾಕ್ಯವನ್ನು ಬರೆಯಿಸುವುದೇಕೆ? ಬಡಪಾಯಿ ಹೆಂಗಸು ಮುಂದೆ ಕೇಳಲು ಅಂಜಲೆಂದು. ಇಂಥ ವಾಕ್ಯವಿರುವ ಕಾಗದಕ್ಕೆ ರುಜು ಹಾಕಬಾರದೆಂದು ನಾವು ನಿಷ್ಠುರವಾಗಿಯೇ ಹೇಳುತ್ತೇವೆ. ಅದರ ಬದಲು ಮಗು ಯಾರ ಬಳಿ ಇರತಕ್ಕುದು, ಇನ್ನೊಬ್ಬರು ಎಂದೆಂದು ಬಂದು ನೋಡತಕ್ಕುದು, ಬೇಸಿಗೆಯ ರಜೆಯಲ್ಲಿ ಎಲ್ಲಿ, ಶಾಲೆಯ ಶುಲ್ಕ ಯಾರದು, ತಿಂಗಳಿಗೆ ಎಷ್ಟು ಹಣ ಯಾವ ತಾರೀಖಿನಂದು ಬ್ಯಾಂಕಿನ ಯಾವ ಖಾತೆಗೆ ಸೇರತಕ್ಕುದು, ಇವನ್ನು ಬಿಡಿಸಿ ಬರೆಯಿರಿ. ಮಗಳ ಮೈಮೇಲಿನ ಒಡವೆ, ತವರಿನಿಂದ ಹೋದ ಪಾತ್ರೆ ಪದಾರ್ಥ, ಮಗ್ಗಕ್ಕೆಂದು ಕೊಟ್ಟ ಹಣವಿದ್ದರೆ ಅದು, ಇವುಗಳಿಗೆ ಒಂದು ಪಟ್ಟಿ ಮಾಡಿ, ಹಿಂದಕ್ಕೆ ಬಂದುದೆಷ್ಟು ಬಾಕಿಯೆಷ್ಟು ಎಂಬುದನ್ನು ನಮೂದಿಸಿರಿ. ಜೀವನಾಂಶದ ವ್ಯಾಜ್ಯಗಳಲ್ಲಿ ಇಬ್ಬರೂ ಆಸ್ತಿ ವರಮಾನ ಸಾಲಗಳನ್ನು ಪ್ರಮಾಣಪೂರ್ವಕವಾಗಿ ತೋರಿಸಬೇಕೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಧಿಸಿದೆ. ವ್ಯಾಜ್ಯವಿಲ್ಲದಿರುವಾಗಲೂ ಹಾಗೆ ತೋರಿಸಿಕೊಂಡು ಒಪ್ಪಂದಕ್ಕೆ ಬರುವುದು ಉತ್ತಮ. "ಕಾಲಕಾಲಕ್ಕೆ ತಕ್ಕಂತೆ ಕೊಡುವುದು" ಎಂಬಂಥ ಮಾತುಗಳು ಇಂದಿನ ಸೌಜನ್ಯಕ್ಕೆ ಹಿತವಾಗಿದ್ದು ನಾಳಿನ ಜಗಳಕ್ಕೆ ಬೀಜವಾಗುತ್ತವೆ.

ಇನ್ನು ಪ್ರಮಾಣಪತ್ರವನ್ನು ಸಿದ್ಧಪಡಿಸುವ ಕ್ರಮವನ್ನು ಎಲ್ಲ ಓದುಗರ ಉಪಯೋಗಕ್ಕಾಗಿ ಹೇಳುವೆವು. ಮೊದಲು ಮನೆಯಲ್ಲಿಯೇ ಬಿಳಿಯ ಹಾಳೆಯ ಮೇಲೆ ಸ್ವಂತ ಕೈಬರಹದಲ್ಲಿ ತಾರೀಖುಗಳನ್ನು ಗುರುತುಹಾಕಿಕೊಳ್ಳಬೇಕು. ಮದುವೆಯಾದ ದಿನ ಮತ್ತು ಸ್ಥಳ, ಸಂಸಾರ ನಡೆದ ಊರು, ಮಗು ಹುಟ್ಟಿದ ದಿನ, ಬೇರೆಯಾದ ದಿನ, ಹಿರಿಯರು ರಾಜಿಗೆ ಕುಳಿತ ದಿನಗಳು. ಮದುವೆಗೆ ಆಧಾರವಾಗಿ ಲಗ್ನಪತ್ರಿಕೆ, ಪಟ, ದೇವಸ್ಥಾನದ ರಸೀದಿ, ನೋಂದಣಿಯಾಗಿದ್ದರೆ ಅದರ ಪತ್ರ, ಇವನ್ನು ಕೂಡಿಸಿಟ್ಟುಕೊಳ್ಳಬೇಕು. ವಕೀಲರು ಇವುಗಳನ್ನು ನೋಡಿ ಬರೆಯಲಿ. ಇನ್ನೊಬ್ಬರ ಮೊಕದ್ದಮೆಯ ಕಾಗದದಲ್ಲಿ ಹೆಸರು ಮಾತ್ರ ತಿದ್ದಿ ಕೊಟ್ಟುದನ್ನು ಒಪ್ಪಬಾರದು. ನಮ್ಮ ತಾಲ್ಲೂಕು ಜಿಲ್ಲೆಗಳ ನ್ಯಾಯಾಲಯಗಳಲ್ಲಿ ಕನ್ನಡದಲ್ಲಿಯೇ ಅರ್ಜಿ ಕೊಡಬಹುದಾದುದರಿಂದ, ಇಂಗ್ಲಿಷು ಬಾರದವರು ಕನ್ನಡದಲ್ಲಿಯೇ ಬರೆಯಿರೆಂದು ಕೇಳಲು ಸಂಕೋಚಪಡಬೇಕಾಗಿಲ್ಲ.

ಬರಹವು ಸಂಖ್ಯೆ ಹಾಕಿದ ಪರಿಚ್ಛೇದಗಳಾಗಿ, ಒಂದು ಪರಿಚ್ಛೇದಕ್ಕೆ ಒಂದೇ ಸಂಗತಿಯಾಗಿ, "ನಾನು" ಎಂದೇ ಇರಬೇಕು. ಬೇರೆ ಯಾವುದಾದರೂ ನ್ಯಾಯಾಲಯದಲ್ಲಿ ಇಬ್ಬರ ನಡುವೆ ಮೊಕದ್ದಮೆಯಿದ್ದರೆ ಅದನ್ನು ಮುಚ್ಚಿಡದೆ ಹೇಳಬೇಕು. ಒಬ್ಬರನ್ನೊಬ್ಬರು ದೂಷಿಸುವ ಮಾತು ಈ ಅರ್ಜಿಗೆ ಬೇಕಿಲ್ಲ. ಕೂಡಿ ಬಾಳಲಾಗಲಿಲ್ಲವೆಂಬಷ್ಟೇ ಸಾಕು. ಆ ಮಗು ದೊಡ್ಡವಳಾಗಿ ಒಂದು ದಿನ ಈ ಕಾಗದವನ್ನು ಓದಬಹುದೆಂಬುದು ನೆನಪಿರಲಿ. ಸಿದ್ಧವಾದ ಮೇಲೆ ಮನೆಗೆ ತಂದು ಒಂದು ರಾತ್ರಿ ಇಟ್ಟುಕೊಂಡು ಓದಬೇಕು. ಓದಲು ಬಾರದವರಿಗೆ ಅವರ ಭಾಷೆಯಲ್ಲಿ ಓದಿ ಹೇಳಿ ಅರ್ಥಮಾಡಿಸಿದುದಾಗಿ, ಪ್ರಮಾಣ ಮಾಡಿಸುವ ಅಧಿಕಾರಿಯು ಹೆಬ್ಬೆಟ್ಟಿನ ಗುರುತಿನ ಬಳಿ ಷರಾ ಬರೆಯಬೇಕು. ಖಾಲಿ ಜಾಗವನ್ನು ಬಿಟ್ಟ ಹಾಳೆಗೆ ಯಾವ ಕಾರಣಕ್ಕೂ ರುಜು ಹಾಕಬಾರದು. ಪುಟಪುಟಕ್ಕೂ ರುಜು, ತಿದ್ದಿದ ಕಡೆಯೆಲ್ಲ ಚಿಕ್ಕ ರುಜು. ನ್ಯಾಯಾಲಯದವರು, ನೋಟರಿಯವರು, ಅಥವಾ ಪ್ರಮಾಣ ಮಾಡಿಸಲು ನೇಮಕವಾದ ಅಧಿಕಾರಿಯ ಎದುರಿಗೆ ತಾನೇ ಹೋಗಿ ನಿಂತು ಪ್ರಮಾಣ ಮಾಡಬೇಕು. ತಂದೆಯಾಗಲಿ ಅಣ್ಣನಾಗಲಿ ಕಾಗದವನ್ನು ತೆಗೆದುಕೊಂಡು ಹೋಗಿ ಮೊಹರು ಹಾಕಿಸಿಕೊಂಡು ಬರುವುದು ಪ್ರಮಾಣವೆನಿಸದು. ನಕಲೊಂದನ್ನು ತನ್ನ ಬಳಿಯೇ ಇಟ್ಟುಕೊಳ್ಳಬೇಕು. ಕೊನೆಯಲ್ಲಿ ಡಿಕ್ರಿಯಾದಾಗ ಅದರ ಪ್ರತಿಯೊಂದನ್ನು ನ್ಯಾಯಾಲಯವು ಇಬ್ಬರಿಗೂ ಉಚಿತವಾಗಿ ಕೊಡತಕ್ಕುದೆಂದು ಕಾಯಿದೆಯೇ ಹೇಳಿದೆ. ಅದನ್ನು ಮರೆಯದೆ ಪಡೆದು ಭದ್ರಪಡಿಸಬೇಕು. ಮರುಮದುವೆಯ ವಿಚಾರವಿದ್ದರೆ, ಮೇಲ್ಮನವಿಯ ಅವಧಿಯನ್ನು ವಕೀಲರಲ್ಲಿ ಕೇಳಿ ತಿಳಿಯದೆ ಮುಂದುವರಿಯಬಾರದು.

ನಾವು ಹೇಳಿದುದು ಹಿಂದೂ ವಿವಾಹ ಕಾಯಿದೆಗೆ ಸೇರಿದವರ ವಿಷಯ. 1954ರ ವಿಶೇಷ ವಿವಾಹ ಕಾಯಿದೆಯ ಮೇರೆಗೆ ಮದುವೆಯಾದವರಿಗೂ, ಕ್ರೈಸ್ತರಿಗೂ ಉಭಯ ಸಮ್ಮತಿಯ ಬಿಡುಗಡೆಗೆ ಅವರವರ ಕಾಯಿದೆಗಳಲ್ಲಿ ಬೇರೆ ಪ್ರಕರಣಗಳಿವೆ. ಮುಸಲ್ಮಾನರಲ್ಲಿ ಪರಸ್ಪರ ಒಪ್ಪಿಗೆಯ ಮುಬಾರತ್ ಎಂಬ ಕ್ರಮವುಂಟು. ದಾರಿ ಯಾವುದಾದರೂ ಪ್ರಮಾಣದ ಧರ್ಮ ಒಂದೇ.

ಕೊನೆಯದಾಗಿ, ಪತ್ರಲೇಖಕರಲ್ಲಿ ನಮ್ಮದೊಂದು ವಿಜ್ಞಾಪನೆ. ಈ ಸಂಚಿಕೆಯನ್ನು ತಾವು ಓದಿಯಾದ ಮೇಲೆ ಮಗಳ ಕೈಗೆ ಕೊಡಿರಿ. ಮಗಳ ಮದುವೆಯ ದಿನ ಮುಹೂರ್ತ, ಛತ್ರ, ಸೀರೆ, ಎಲ್ಲವನ್ನೂ ಹಿರಿಯರೇ ಗೊತ್ತುಮಾಡಿದಿರಿ. ಅದು ನಮ್ಮಲ್ಲಿ ನಡೆದುಬಂದ ಪದ್ಧತಿ, ಅದರಲ್ಲಿ ಪ್ರೀತಿಯೂ ಇದ್ದಿತು. ಆದರೆ ನ್ಯಾಯಾಧೀಶರು ಆಕೆಯನ್ನೇ ಕರೆದು, "ಇದು ನಿಮ್ಮ ಸ್ವಂತ ಇಚ್ಛೆಯೇನಮ್ಮಾ?" ಎಂದು ಕೇಳುವ ದಿನ ತಾವು ಬಾಗಿಲ ಹೊರಗೆ ಕುಳಿತಿರುತ್ತೀರಿ. ಆಗ ಆಕೆಯ ಬಾಯಿಂದ ಬರುವ ಮಾತು ಆಕೆಯದೇ ಆಗಿರಬೇಕಾದರೆ, ಇಂದೇ ಆಕೆಯನ್ನು ಎದುರಿಗೆ ಕೂಡಿಸಿಕೊಂಡು, ಯಾವುದನ್ನೂ ಹೇಳಿಕೊಡದೆ, ಕೇಳಿರಿ. ಆಕೆ ಹೇಳುವ ತಾರೀಖನ್ನು ಬರೆದುಕೊಳ್ಳಿರಿ. ಒಂದು ವರ್ಷ ತುಂಬಿದ್ದರೆ ವಕೀಲರ ಬಳಿಗೆ ಹೋಗಿರಿ. ತುಂಬದಿದ್ದರೆ ಮನೆಯಲ್ಲಿ ನಾಲ್ಕು ತಿಂಗಳು ಆಕೆಗೂ ಆ ಮಗುವಿಗೂ ಎರಡು ಹೊತ್ತಿನ ಊಟಕ್ಕೆ ಕೊರತೆಯಾಗದೆಂಬುದನ್ನು ತಮ್ಮ ಕಾಗದದಿಂದಲೇ ನಾವು ಬಲ್ಲೆವು.